ಎರಡನೇ ಸಲ ಬರುವ ಹಾಡು

‘ಕಾಂತಾರ’ ತೆರೆಕಂಡದ್ದು 2022ರ ಸೆಪ್ಟೆಂಬರ್ 30ರಂದು. ನವೆಂಬರ್ ಕೊನೆಗೆ ಅದು ಒಟಿಟಿಗೆ ಬಂದಾಗ, ಥಿಯೇಟರಿನಲ್ಲಿ ಆಗಲೇ ನೋಡಿದ್ದವರೂ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮತ್ತೊಮ್ಮೆ ನೋಡಿದರು. ‘ವರಾಹ ರೂಪಂ’ ಶುರುವಾಗುತ್ತಿದ್ದಂತೆ, ಇದು ತಾವು ಕೇಳಿದ್ದ ಹಾಡಲ್ಲ ಅನ್ನುವುದು ಅವರಿಗೆ ಗೊತ್ತಾಗಿಹೋಯಿತು. ಸಾಹಿತ್ಯ ಅದೇ, ದೃಶ್ಯ ಅದೇ, ರಿಷಬ್ ಶೆಟ್ಟಿಯ ಹೆಜ್ಜೆಯೂ ಅದೇ. ಟ್ಯೂನ್ ಮಾತ್ರ ಬೇರೆ. ಕೇರಳದ ‘ಥೈಕ್ಕುಡಂ ಬ್ರಿಡ್ಜ್’ ತಂಡ ಇದು ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೋರ್ಟಿಗೆ ಹೋಗಿತ್ತು. ತಡೆಯಾಜ್ಞೆಯ ಕಾರಣಕ್ಕೆ ಚಿತ್ರತಂಡ ಅದೇ ಸಾಹಿತ್ಯಕ್ಕೆ ಹೊಸ ಟ್ಯೂನ್ ಹಾಕಿ ಅದೇ ಜಾಗದಲ್ಲಿ ಕೂರಿಸಿತ್ತು. ನೋಡಿದವರು ಸಾಮಾಜಿಕ ಜಾಲತಾಣಗಳಲ್ಲಿ ತಕರಾರು ತೆಗೆದರು. ಆಮೇಲೆ ಮೂಲ ಹಾಡು ವಾಪಸು ಬಂತು.

ಹಾಡು ಯಾರದು ಅನ್ನುವ ವ್ಯಾಜ್ಯ ಕೋರ್ಟಿನ ವಿಷಯ. ಸಿನಿಮಾ ವಿಮರ್ಶೆ ಮಾಡುವವರಿಗೆ ಈ ಪ್ರಸಂಗ ಬೇರೆ ಕಾರಣಕ್ಕೆ ಮುಖ್ಯ. ಚಿತ್ರವನ್ನು ಒಂಚೂರೂ ಮುಟ್ಟದೆ ಹಾಡನ್ನಷ್ಟೇ ಬದಲಿಸಿ, ಇನ್ನೂ ಮರೆತಿರದ ಪ್ರೇಕ್ಷಕರ ಮುಂದೆ ಇಟ್ಟದ್ದು ಸಿನಿಮಾ ಚರಿತ್ರೆಯಲ್ಲಿ ಎಷ್ಟು ಸಲ ನಡೆದೀತು? ಕೊನೆಯ ಕೋಲದಲ್ಲಿ ದೈವ ಊರವರ ಕೈಯನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಹಿಡಿದು ಎದೆಗೆ ಒತ್ತಿಕೊಳ್ಳುವ ಚಿತ್ರಿಕೆ ಎರಡೂ ಆವೃತ್ತಿಯಲ್ಲಿ ಒಂದೇ. ಆದರೂ ಒಂದರಲ್ಲಿ ಮೈ ನವಿರೇಳುತ್ತದೆ, ಇನ್ನೊಂದರಲ್ಲಿ ಒಳ್ಳೆಯ ದೃಶ್ಯವೊಂದನ್ನು ನೋಡಿದಂತಾಗುತ್ತದೆ, ಅಷ್ಟೇ.

ಹೊಸ ಟ್ಯೂನಿಗೆ ತಕರಾರು ತೆಗೆದವರೆಲ್ಲ ಮೂಲ ಹಾಡನ್ನು ಮೊದಲೇ ಕೇಳಿದ್ದವರು ಅನ್ನುವುದನ್ನು ಮರೆಯಬಾರದು. ಥಿಯೇಟರಿಗೆ ಹೋಗದೆ ಆ ವಾರವೇ ಮೊದಲ ಸಲ ನೋಡಿದವರಿಗೆ ಯಾವ ಕೊರತೆಯೂ ಕಂಡಿರಲಾರದು. ಕೊರತೆ ಇದ್ದದ್ದು ಪರದೆಯ ಮೇಲಲ್ಲ, ನೋಡುವವರ ನೆನಪಿನಲ್ಲಿ. ನೆನಪಿನಲ್ಲಿ ಉಳಿಯುವ ಹಾಡು ಸಿನಿಮಾದ ರುಚಿ ಹೆಚ್ಚಿಸುತ್ತದೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹೆಚ್ಚಿಸುವುದು ಹೇಗೆ ಎಂದು ಕೇಳಿದರೆ ರಾಗ, ಕಂಠ, ಸಾಹಿತ್ಯ ಎಂದು ಪಟ್ಟಿ ಕೊಡುತ್ತೇವೆ. ಅದೆಲ್ಲ ಹಾಡು ಚೆನ್ನಾಗಿರುವುದಕ್ಕೆ ಕಾರಣವಾಯಿತು. ಸಿನಿಮಾ ಚೆನ್ನಾಗಾಗುವುದಕ್ಕೆ ಅಷ್ಟು ಸಾಲದು.

ಟ್ಯೂನ್ ಒಂದರಿಂದಲೇ ಆಗುವ ಕೆಲಸ ಇದಲ್ಲ ಅನ್ನುವುದಕ್ಕೆ ಉಲ್ಟಾ ಸಾಕ್ಷಿಯೂ ಇದೆ. 1981ರಲ್ಲಿ ಶಂಕರ್ ನಾಗ್ ನಿರ್ದೇಶಿಸಿದ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಮಾಡಿದ ‘ಜೊತೆಯಲಿ’ ಹಾಡು ಇವತ್ತಿಗೂ ಮದುವೆ ಮನೆಯ ಆರ್ಕೆಸ್ಟ್ರಾಗಳಲ್ಲಿ ತಪ್ಪದೆ ಬರುತ್ತದೆ. ಅದೇ ಟ್ಯೂನನ್ನು ಅವರು 1984ರ ತಮಿಳು ಚಿತ್ರ ‘ನೂರಾವದು ನಾಳ್’ಗೂ ಬಳಸಿದರು. ಅದು ಕೊಲೆಯ ಸುತ್ತ ಹೆಣೆದ ಥ್ರಿಲ್ಲರ್. 2007ರಲ್ಲಿ ಆ ಟ್ಯೂನ್ ಹಿಂದಿಯ ‘ಚೀನಿ ಕಮ್’ಗೆ ಹೋಯಿತು. ಅಲ್ಲಿ ಲಂಡನ್ನಿನ ಹೋಟೆಲೊಂದರ, ಅರವತ್ತು ದಾಟಿದ ಬಾಣಸಿಗನ ಪ್ರೇಮಕ್ಕೆ ಅದು ಜೊತೆಯಾಯಿತು. ಮೂರೂ ಕಡೆ ಅದು ಇಂಪಾಗಿಯೇ ಇದೆ. ಆದರೆ ‘ಗೀತಾ’ ನೋಡಿದವರಿಗೆ ಆಗುವುದು ಬೇರೆ. ಅದರ ನಾಯಕಿಗೆ ರಕ್ತದ ಕ್ಯಾನ್ಸರ್ ಇದೆ, ಅವಳು ಉಳಿಯುವುದಿಲ್ಲ. ಹಾಡು ಬರುವಾಗ ಅದು ಆ ಜೋಡಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಚಿತ್ರ ಮುಗಿದ ಮೇಲೆ ಅದೇ ಹಾಡನ್ನು ರೇಡಿಯೊದಲ್ಲಿ ಕೇಳಿದರೆ, ಅಷ್ಟೊಂದು ಖುಷಿಯ ಹಾಡಿಗೂ ಗಂಟಲು ಕಟ್ಟುತ್ತದೆ. ಇದನ್ನು ಟ್ಯೂನ್ ಒಂದೇ ಮಾಡಿದ್ದಲ್ಲ, ಕಥೆ ಒಂದೇ ಮಾಡಿದ್ದೂ ಅಲ್ಲ.

ನನ್ನ ವಾದ ಇಷ್ಟು: ಹಾಡು ನೆನಪಿನಲ್ಲಿ ಉಳಿಯುವುದು ಥಿಯೇಟರಿನಿಂದ ಹೊರಗೆ ಬಂದ ಮೇಲೆ ಸಿಗುವ ಬೋನಸ್ ಅಲ್ಲ. ಎರಡೂವರೆ ಗಂಟೆಯೊಳಗೇ ಅದು ನೆನಪಾಗಬೇಕು. ಆ ನೆನಪನ್ನು ಚಿತ್ರ ಮತ್ತೆ ಕೈಗೆತ್ತಿಕೊಳ್ಳಬೇಕು. ಈ ಕೆಲಸವನ್ನು ಕನ್ನಡದಲ್ಲಿ ‘ಕಸ್ತೂರಿ ನಿವಾಸ’ದಷ್ಟು ಅಚ್ಚುಕಟ್ಟಾಗಿ ಮಾಡಿದ ಚಿತ್ರ ನನಗೆ ಇನ್ನೊಂದು ಕಾಣುವುದಿಲ್ಲ.

1971ರ ಚಿತ್ರ ಅದು. ನಿರ್ದೇಶನ ದೊರೈ-ಭಗವಾನ್, ಸಂಗೀತ ಜಿ.ಕೆ. ವೆಂಕಟೇಶ್, ಸಾಹಿತ್ಯ ಚಿ. ಉದಯಶಂಕರ್, ಕಂಠ ಪಿ.ಬಿ. ಶ್ರೀನಿವಾಸ್. ರಾಜ್‌ಕುಮಾರ್ ಇಲ್ಲಿ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ. ಕೊಟ್ಟು ಗೊತ್ತೇ ಹೊರತು ಬೇಡಿ ಗೊತ್ತಿಲ್ಲದವನು. ‘ಆಡಿಸಿ ನೋಡು’ ಹಾಡಿನಲ್ಲಿ ಅವನು ಮಗುವನ್ನು ನಗಿಸಲು ಒಂದು ಬೊಂಬೆ ಆಡಿಸುತ್ತಾನೆ. ಬುಡ ಗುಂಡಗಿದ್ದು ಭಾರವೆಲ್ಲ ಕೆಳಗಿರುವ ಬೊಂಬೆ ಅದು. ತಳ್ಳಿದರೆ ವಾಲುತ್ತದೆ, ಬಿಟ್ಟರೆ ಎದ್ದು ನಿಲ್ಲುತ್ತದೆ. ಹಾಡಿನ ಲಯದಲ್ಲೂ ಆ ಓಲಾಟವಿದೆ. ಪ್ರತಿ ಸಾಲೂ ಒಂದಿಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಸ್ವರಗಳ ಹರಹು ದೊಡ್ಡದಲ್ಲ, ಸಂಗೀತ ಗೊತ್ತಿಲ್ಲದವರೂ ಗುನುಗಿಕೊಳ್ಳಬಹುದು. ನೋಡುವವರಿಗೆ ಆಗ ಅದೊಂದು ಮಕ್ಕಳ ಹಾಡು. ಸಾಹಿತ್ಯ ಬೊಂಬೆಯ ನೆಪದಲ್ಲಿ ಮನುಷ್ಯನ ಬಗ್ಗೆ ಮಾತಾಡುತ್ತಿದೆ ಎಂದು ತಿಳಿದರೂ ಅದಕ್ಕೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ. ಬುದ್ಧಿಮಾತಿನ ಹಾಡು ರಾಜ್‌ಕುಮಾರ್ ಚಿತ್ರದಲ್ಲಿ ಒಂದಾದರೂ ಇದ್ದೇ ಇರುತ್ತದಲ್ಲ.

ಆಮೇಲೆ ರವಿವರ್ಮನ ಕೈಯಿಂದ ಒಂದೊಂದೇ ಜಾರುತ್ತದೆ. ಕಾರ್ಖಾನೆ ಹೋಗುತ್ತದೆ, ಮನೆಯೂ ಹೋಗುತ್ತದೆ. ಕೊನೆಗೊಂದು ದಿನ ನೀಲಾ ಎಂಬ ಪರಿಚಿತೆ ಅವನನ್ನು ನೋಡಲು ಬರುತ್ತಾಳೆ. ಬಂದವಳಿಗೆ ಊಟ ಹಾಕಲು ಅವನ ಬಳಿ ಏನೂ ಇಲ್ಲ. ಉಳಿದಿದ್ದ ಪಾರಿವಾಳವನ್ನು ಮಾರಿ ಅಡುಗೆ ಮಾಡಿಸುತ್ತಾನೆ. ಊಟವಾದ ಮೇಲೆ ತಿಳಿಯುತ್ತದೆ, ಅವಳು ಬಂದದ್ದು ಆ ಪಾರಿವಾಳವನ್ನೇ ಕೇಳಿಕೊಂಡು. ಜೀವನದಲ್ಲಿ ಮೊದಲ ಬಾರಿಗೆ ಇಲ್ಲ ಎನ್ನಬೇಕಾಗಿ ಬಂದ ಆಘಾತದಲ್ಲೇ ಅವನು ಹೋಗಿಬಿಡುತ್ತಾನೆ.

ಆಗ ಆ ಟ್ಯೂನ್ ಮತ್ತೆ ಬರುತ್ತದೆ. ಮಾತು ಬೇರೆ, ನಡೆ ನಿಧಾನ. ಮೊದಲು ಬೊಂಬೆಯ ಬಗ್ಗೆ ಇದ್ದ ಹಾಡು ಈಗ ಬೊಂಬೆಯನ್ನು ಆಡಿಸುವವನ ಬಗ್ಗೆ. ಇಲ್ಲಿ ಒಬ್ಬ ಹಿರಿಯ ಪಾತ್ರಧಾರಿಯನ್ನು ನಿಲ್ಲಿಸಿ, ಬಿದ್ದರೂ ಬಾಗದವನು ನಮ್ಮ ಧಣಿ ಎಂದು ಎರಡು ಪುಟ ಸಂಭಾಷಣೆ ಹೇಳಿಸಬಹುದಿತ್ತು. ಆ ಕಾಲದ ಬಹಳಷ್ಟು ಚಿತ್ರಗಳು ಹಾಗೇ ಮಾಡುತ್ತಿದ್ದವು. ದೊರೈ-ಭಗವಾನ್ ಆ ಗೋಜಿಗೆ ಹೋಗಲಿಲ್ಲ. ಬೊಂಬೆಗೂ ಈ ಸಾವಿಗೂ ಇರುವ ಸಂಬಂಧವನ್ನು ಜೋಡಿಸುವವರು ಥಿಯೇಟರಿನಲ್ಲಿ ಕೂತವರೇ. ಅವರು ಜೋಡಿಸಬೇಕಾದರೆ ಮೊದಲ ಹಾಡು ಅವರ ತಲೆಯಲ್ಲಿ ಉಳಿದಿರಬೇಕು. ಅಂದರೆ ಆ ಹಾಡು ಅಷ್ಟು ಸರಳವಾಗಿ, ಒಂದೇ ಕೇಳಿಗೆ ಹಿಡಿಸುವಂತೆ ಇರಲೇಬೇಕಿತ್ತು. ಕಷ್ಟದ ರಾಗವನ್ನೋ ಗಮಕದ ಗೊಂಚಲನ್ನೋ ಹಾಕಿದ್ದರೆ ಕೊನೆಯ ರೀಲಿನ ಹೊತ್ತಿಗೆ ಅದು ಯಾರಿಗೂ ನೆನಪಿರುತ್ತಿರಲಿಲ್ಲ, ಅಂತ್ಯ ಅಷ್ಟರಮಟ್ಟಿಗೆ ಪೊಳ್ಳಾಗುತ್ತಿತ್ತು. ಜಿ.ಕೆ. ವೆಂಕಟೇಶ್ ಅವರ ಜಾಣತನ ಇರುವುದು ಈ ಮಿತವ್ಯಯದಲ್ಲಿ.

ಪಿ.ಬಿ. ಶ್ರೀನಿವಾಸರ ಕಂಠದ ಬಗ್ಗೆಯೂ ಇಲ್ಲಿ ಹೇಳಬೇಕು. ಎರಡನೇ ಸಲ ಹಾಡುವಾಗ ಅವರು ಅಳುವುದಿಲ್ಲ. ಬಿಕ್ಕುವುದು, ಉಸಿರು ಕಟ್ಟಿದಂತೆ ಮಾಡುವುದು, ಸಾಲಿನ ಕೊನೆಯನ್ನು ನಡುಗಿಸುವುದು, ಇಂಥ ಯಾವ ತಂತ್ರವೂ ಇಲ್ಲ. ನಮ್ಮಲ್ಲಿ ‘ಪ್ಯಾಥೋ’ ಎಂದು ಕರೆಸಿಕೊಳ್ಳುವ ಹಾಡುಗಳಲ್ಲಿ ಮುಕ್ಕಾಲು ಪಾಲು ಕೆಡುವುದು ಆ ತಂತ್ರಗಳಿಂದಲೇ. ಗಾಯಕ ಅತ್ತುಬಿಟ್ಟರೆ ಪ್ರೇಕ್ಷಕನಿಗೆ ಅಳಲು ಏನು ಉಳಿಯಿತು? ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು 1974ರ ‘ಸಂಪತ್ತಿಗೆ ಸವಾಲ್’ನಿಂದೀಚೆಗೆ. ಅವರ ಕಂಠದ ಅಭಿಮಾನಿಗಳು ಬೇಸರ ಮಾಡಿಕೊಳ್ಳದಿದ್ದರೆ ಒಂದು ಮಾತು: ರವಿವರ್ಮನಿಗೆ ಪಿ.ಬಿ. ಶ್ರೀನಿವಾಸರ ಆ ತಗ್ಗಿದ, ಹೊದಿಸಿಟ್ಟಂಥ ದನಿಯೇ ಸರಿ. ಕೈಚಾಚದವನ ದನಿಯೂ ಚಾಚಬಾರದು.

ಇದೇ ತಂತ್ರ ಸೂತ್ರವಾಗಿ ಕೆಟ್ಟ ಉದಾಹರಣೆಗಳಿಗೆ ಬರವಿಲ್ಲ. ಬಾಲ್ಯದಲ್ಲಿ ಅಣ್ಣತಮ್ಮಂದಿರು ಒಂದು ಹಾಡು ಹಾಡುತ್ತಾರೆ, ಬೇರೆಯಾಗುತ್ತಾರೆ, ಇಪ್ಪತ್ತು ವರ್ಷದ ನಂತರ ಅದೇ ಹಾಡು ಕೇಳಿ ಒಬ್ಬರನ್ನೊಬ್ಬರು ಗುರುತಿಸುತ್ತಾರೆ. 1973ರ ಹಿಂದಿ ಚಿತ್ರ ‘ಯಾದೋಂ ಕೀ ಬಾರಾತ್’ ಇದನ್ನು ಎಷ್ಟು ಜನಪ್ರಿಯ ಮಾಡಿತೆಂದರೆ ಆಮೇಲೆ ಎಲ್ಲ ಭಾಷೆಯಲ್ಲೂ ಅಂಥ ಹಾಡುಗಳು ಹುಟ್ಟಿದವು. ಅಲ್ಲಿಯೂ ಹಾಡು ಎರಡನೇ ಸಲ ಬರುತ್ತದೆ, ನಿಜ. ಆದರೆ ಅಲ್ಲಿ ಅದು ರೇಷನ್ ಕಾರ್ಡಿನಂತೆ, ತೋರಿಸಿದರೆ ಕುಟುಂಬಕ್ಕೆ ಸೇರಿಸಿಕೊಳ್ಳುತ್ತಾರೆ. ಹಾಡಿನ ಅರ್ಥ ಮೊದಲ ಸಲ ಎಷ್ಟಿತ್ತೋ ಕೊನೆಯಲ್ಲೂ ಅಷ್ಟೇ. ‘ಕಸ್ತೂರಿ ನಿವಾಸ’ದಲ್ಲಿ ಅರ್ಥ ತಿರುಗಿ ನಿಲ್ಲುತ್ತದೆ.

ಮರಳಿ ಬರದ, ಒಂದೇ ಸಲ ಬಂದು ಹೋಗುವ ಹಾಡುಗಳೂ ಚಿತ್ರವನ್ನು ಎತ್ತಿ ಹಿಡಿಯುವುದುಂಟು. ಪುಟ್ಟಣ್ಣ ಕಣಗಾಲ್ ಇದರಲ್ಲಿ ಪಳಗಿದವರು. ಪಾತ್ರ ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಹಾಡಿಗೆ ವಹಿಸುತ್ತಿದ್ದರು. ‘ಶರಪಂಜರ’ದ (1971) ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಮನೆ ಅವಳನ್ನು ನಂಬುವುದಿಲ್ಲ, ನಕ್ಕರೂ ಅನುಮಾನ, ಅತ್ತರೂ ಅನುಮಾನ. ಆಗ ಅವಳು ವನವಾಸ ಮುಗಿಸಿ ಬಂದ ಸೀತೆಯ ಕಥೆಯನ್ನು ಹಾಡುತ್ತಾಳೆ. ನೇರವಾಗಿ ನಾನು ಹುಚ್ಚಿಯಲ್ಲ ಎಂದಿದ್ದರೆ ಅದನ್ನೇ ಹುಚ್ಚಿಗೆ ಸಾಕ್ಷಿ ಅನ್ನುತ್ತಿದ್ದರು. ಸೀತೆಯ ಕಥೆಯನ್ನು ಯಾರು ತಡೆದಾರು? ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅಭಿನಯದ ಬಗ್ಗೆ ಐವತ್ತು ವರ್ಷದಿಂದ ಬರೆಯುತ್ತಲೇ ಬಂದಿದ್ದಾರೆ. ವಿಜಯಭಾಸ್ಕರ್ ಆ ಹಾಡಿಗೆ ಹಾಕಿದ ಸಂಗೀತ ದೇವರನಾಮದ ಹತ್ತಿರ ನಿಲ್ಲುತ್ತದೆ ಅನ್ನುವುದನ್ನು ಗಮನಿಸಿದವರು ಕಡಿಮೆ. ಮನೆಯ ಹೆಂಗಸರು ಹಬ್ಬಕ್ಕೆ ಕೂತು ಹಾಡುವಂಥ ಧಾಟಿ. ಆ ಮರ್ಯಾದಸ್ಥ ಧಾಟಿಯೇ ಅವಳಿಗೆ ಕವಚ.

‘ಎಡಕಲ್ಲು ಗುಡ್ಡದ ಮೇಲೆ’ (1973) ಇನ್ನೂ ಕಷ್ಟದ ಮಾತಿಗೆ ಕೈಹಾಕಿದ ಚಿತ್ರ. ಗಂಡನಿಂದ ದೇಹಸುಖವಿಲ್ಲದ ಹೆಣ್ಣಿನ ಬಯಕೆಯನ್ನು, ಅದೂ ಜಯಂತಿಯಂಥ ಜನಪ್ರಿಯ ನಟಿಯ ಮೂಲಕ, ಸಂಸಾರಸ್ಥರು ಮಕ್ಕಳ ಜೊತೆ ಕೂತು ನೋಡುವ ಥಿಯೇಟರಿನಲ್ಲಿ ಹೇಳಬೇಕಿತ್ತು. ಎಂ. ರಂಗರಾವ್ ಸಂಗೀತದ, ಎಸ್. ಜಾನಕಿ ಹಾಡಿದ ‘ವಿರಹ’ ಆ ಭಾರ ಹೊತ್ತಿತು. ಆ ಹಾಡನ್ನು ಚಿತ್ರದಿಂದ ತೆಗೆದುಬಿಟ್ಟರೆ ನಾಯಕಿ ಮಾಧವಿ ದಾರಿತಪ್ಪಿದವಳಂತೆ ಕಾಣುತ್ತಾಳೆ. ಹಾಡಿದ್ದರೆ ಅವಳ ಪರವಾಗಿ ನಾವೂ ಸ್ವಲ್ಪ ಹೊತ್ತು ಯೋಚಿಸುತ್ತೇವೆ. ಹಾಡು ಹೋದರೆ ಪಾತ್ರಕ್ಕೇ ಅನ್ಯಾಯವಾಗುತ್ತದೆ ಎಂದರೆ ಅದು ಕಥೆಯ ಅಂಗವೇ ಆಗಿದೆ ಎಂದರ್ಥ. ಯಾವ ಚಿತ್ರಗೀತೆಗೂ ಈ ಪರೀಕ್ಷೆಯನ್ನು ಒಡ್ಡಬಹುದು.

ಈ ಪರೀಕ್ಷೆಯಲ್ಲಿ ಒಳ್ಳೊಳ್ಳೆಯ ಹಾಡುಗಳು ನಪಾಸಾಗುತ್ತವೆ. ‘ಜೀವನ ಚೈತ್ರ’ದ (1992) ‘ನಾದಮಯ’ ಹಾಡಿಗೆ ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಬರಲೇಬೇಕಿತ್ತು. ಆದರೆ ಅದು ಬಂದಾಗ ಕಥೆ ಬದಿಗೆ ಸರಿದು ನಿಲ್ಲುತ್ತದೆ. ನಾವು ಆಗ ನೋಡುವುದು ಪಾತ್ರವನ್ನಲ್ಲ, ಅರವತ್ತು ದಾಟಿದ ಒಬ್ಬ ನಟ ಗಾಯನದಲ್ಲಿ ಏರಿದ ಎತ್ತರವನ್ನು. ಕಥೆ ನಿಂತಿತೆಂದು ಯಾರೂ ತಕರಾರು ಮಾಡಲಿಲ್ಲ, ನಾನೂ ಮಾಡುವುದಿಲ್ಲ. ಅದು ಚಿತ್ರಕ್ಕೆ ಸಿಕ್ಕ ಕಚೇರಿ, ಅಷ್ಟೇ. ಈ ರಿಯಾಯಿತಿ ಎಲ್ಲರಿಗೂ ಸಲ್ಲುವುದಿಲ್ಲ. ಇಂಟರ್‌ವಲ್ ಮುಗಿದ ಹತ್ತು ನಿಮಿಷಕ್ಕೆ ನಾಯಕ ನಾಯಕಿ ಯಾವುದೋ ದೇಶದ ಹಿಮದಲ್ಲಿ ಕುಣಿಯುವ ಹಾಡು ಶುರುವಾದರೆ ಜನ ಏಳುವುದು ಚಪ್ಪಾಳೆ ಹೊಡೆಯುವುದಕ್ಕಲ್ಲ, ಹೊರಗೆ ಹೋಗುವುದಕ್ಕೆ.

ಹಾಡಿನ ನೆನಪು ಚಿತ್ರಕ್ಕಿಂತ ಮೊದಲೇ ಇದ್ದರೆ ಏನಾಗುತ್ತದೆ? ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರು ಮಲ್ಲಿಗೆ’ ಸಂಕಲನ ಬಂದದ್ದು 1942ರಲ್ಲಿ. ಅದೇ ಹೆಸರಿನ ಚಿತ್ರವನ್ನು ಟಿ.ಎಸ್. ನಾಗಾಭರಣ ಮಾಡುವ ಹೊತ್ತಿಗೆ ಆ ಪದ್ಯಗಳು ಅರ್ಧ ಶತಮಾನ ಕನ್ನಡಿಗರ ಮನೆಗಳಲ್ಲಿ ಓಡಾಡಿದ್ದವು, ಕ್ಯಾಸೆಟ್ಟುಗಳಲ್ಲಿ ಹರಿದಾಡಿದ್ದವು. ನಾಗಾಭರಣ ಪದ್ಯಗಳನ್ನು ಮುಂದಿಟ್ಟುಕೊಂಡು ಅವುಗಳ ನಡುವೆ ಕಥೆ ಕಟ್ಟಿದರು. ಸಿ. ಅಶ್ವತ್ಥ್ ಸಂಗೀತ ಕೊಟ್ಟರು, ಕವಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಸೊಗಸಾದ ಚಿತ್ರವೇ. ಆದರೂ ನೋಡುವಾಗ ಒಂದು ಎಳೆದಾಟ ತಪ್ಪುವುದಿಲ್ಲ. ಪದ್ಯದ ಹೆಂಡತಿಗೆ ಪ್ರತಿ ಓದುಗರೂ ತಮ್ಮದೇ ಮುಖ ಕೊಟ್ಟುಕೊಂಡಿರುತ್ತಾರೆ. ಪರದೆಯ ಮೇಲೆ ಸುಧಾರಾಣಿ ಬಂದಾಗ ಆ ಮುಖ ಸುಲಭಕ್ಕೆ ಜಾಗ ಬಿಡುವುದಿಲ್ಲ. ಹಾಡು ಬಂದಾಗ ಕಣ್ಣುಮುಚ್ಚಿ ಕೇಳುವಂತಾಗುವುದು ಕವಿಗೆ ಗೌರವ ಇರಬಹುದು, ಛಾಯಾಗ್ರಾಹಕನಿಗಂತೂ ಅಲ್ಲ. ‘ಬೆಳ್ಳಿಮೋಡ’ದಲ್ಲಿ (1967) ಪುಟ್ಟಣ್ಣ ಬೇಂದ್ರೆಯವರ ‘ಬೆಳಗು’ ಪದ್ಯವನ್ನು ತಂದಾಗ ಈ ತೊಂದರೆ ಆಗಲಿಲ್ಲ. ಆ ಪದ್ಯದಲ್ಲಿ ಕಥೆಯೂ ಇಲ್ಲ, ಮುಖವೂ ಇಲ್ಲ. ಇರುವುದು ಬರೀ ಬೆಳಕು. ಮಲೆನಾಡಿನ ಯಾವ ಗುಡ್ಡದ ಮೇಲೆ ಬೇಕಾದರೂ ಅದು ಬೀಳಬಹುದು.

ಈಗಿನ ಪದ್ಧತಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಚಿತ್ರ ಬಿಡುಗಡೆಗೆ ತಿಂಗಳು ಮುಂಚೆ ಲಿರಿಕಲ್ ವಿಡಿಯೊ ಬರುತ್ತದೆ, ರೀಲ್ಸ್‌ನಲ್ಲಿ ಹದಿನೈದು ಸೆಕೆಂಡಿನ ತುಣುಕು ಸುತ್ತುತ್ತದೆ. ಥಿಯೇಟರಿಗೆ ಬರುವ ಹೊತ್ತಿಗೆ ಹಾಡು ಬಾಯಿಪಾಠವಾಗಿರುತ್ತದೆ. ಹಿಂದೆ ಹೀಗಿರಲಿಲ್ಲ ಅಂತ ಗೋಳಾಡುವುದು ಸುಳ್ಳಾಗುತ್ತದೆ. ಹಾಡಿನ ಪುಸ್ತಕಗಳು ಥಿಯೇಟರಿನ ಬಾಗಿಲಲ್ಲೇ ಸಿಗುತ್ತಿದ್ದವು, ರೇಡಿಯೊ ಇತ್ತು, ಕ್ಯಾಸೆಟ್ ಕಾಲದಲ್ಲಿ ‘ಪ್ರೇಮಲೋಕ’ದ ಹಾಡುಗಳು ಬೀದಿಬೀದಿಯಲ್ಲಿ ಮೊಳಗಿದ್ದವು. 2006ರ ‘ಮುಂಗಾರು ಮಳೆ’ಗೆ ಜನ ಮತ್ತೆ ಮತ್ತೆ ಹೋದದ್ದರಲ್ಲಿ ಜಯಂತ ಕಾಯ್ಕಿಣಿ ಬರೆದ ‘ಅನಿಸುತಿದೆ’ ಹಾಡಿನ ಪಾಲು ಸಣ್ಣದಲ್ಲ. ಮೊದಲೇ ಗೊತ್ತಿರುವ ಹಾಡು ಪರದೆಯ ಮೇಲೆ ಬಂದಾಗ ಸಾವಿರ ಜನ ಒಟ್ಟಿಗೆ ದನಿಗೂಡಿಸುವ ಸುಖವನ್ನು ಅಲ್ಲಗಳೆಯಲಾಗದು. ನನ್ನ ತಕರಾರು ಬೇರೆ. ಹಾಡನ್ನು ಹದಿನೈದು ಸೆಕೆಂಡಿಗೆ ಒಗ್ಗುವಂತೆ ಕಟ್ಟತೊಡಗಿದಾಗ ಅದರಲ್ಲಿ ಒಂದು ಹುಕ್ ಲೈನ್ ಉಳಿಯುತ್ತದೆ, ಪಾತ್ರ ಉಳಿಯುವುದಿಲ್ಲ. ಅಂಥ ಹಾಡು ಕೊನೆಯ ರೀಲಿನಲ್ಲಿ ಮರಳಿ ಬಂದರೆ ಅದಕ್ಕೆ ಹೇಳಲು ಹೊಸದೇನೂ ಇರುವುದಿಲ್ಲ. ಅದು ಯಾರ ಹಾಡು ಅನ್ನುವುದೇ ಮೊದಲ ಸಲ ಗೊತ್ತಾಗಿರುವುದಿಲ್ಲ.

ಹಾಡೇ ಬೇಡವೆಂದ ಚಿತ್ರಗಳೂ ಕನ್ನಡದಲ್ಲಿ ಬಂದವು. 1970ರ ‘ಸಂಸ್ಕಾರ’ದಿಂದ ಶುರುವಾದ ಹೊಸ ಅಲೆ ಮರ ಸುತ್ತುವ ಹಾಡನ್ನು ಹೊರಗಿಟ್ಟದ್ದು ಆಗ ಬೇಕಾಗಿದ್ದ ಶುದ್ಧೀಕರಣ. ಆದರೆ ಅದೇ ಅಲೆಯ ‘ಚೋಮನ ದುಡಿ’ಯನ್ನು (1975) ನೋಡಿ. ಬಿ.ವಿ. ಕಾರಂತರಿಗಿಂತ ಹೆಚ್ಚು ಹಾಡು ಬಲ್ಲ ನಿರ್ದೇಶಕರು ಆ ಗುಂಪಿನಲ್ಲಿ ಇರಲಿಲ್ಲ. ಅವರು ಅಲ್ಲಿ ಎಲ್ಲ ಭಾರವನ್ನೂ ದುಡಿಯ ಮೇಲೆ ಹಾಕಿದರು. ಚೋಮನಿಗೆ ಸಿಟ್ಟು ಬಂದಾಗ ದುಡಿ, ದುಃಖವಾದಾಗ ದುಡಿ. ಬೇಸಾಯ ಮಾಡುವ ಒಂದೇ ಆಸೆ ಕೈಗೂಡದೆ, ಮಕ್ಕಳು ಒಬ್ಬೊಬ್ಬರಾಗಿ ಇಲ್ಲವಾಗುತ್ತ ಹೋದಂತೆ ಆ ಬಡಿತ ಪ್ರೇಕ್ಷಕರ ಕಿವಿಯಲ್ಲಿ ಕೂತುಬಿಡುತ್ತದೆ. ಕೊನೆಗೆ ಅವನು ಬಾಗಿಲು ಹಾಕಿಕೊಂಡು ಬಡಿಯತೊಡಗಿದಾಗ ಏನಾಗಲಿದೆ ಎಂದು ಯಾರೂ ಹೇಳಬೇಕಾಗಿಲ್ಲ. ‘ಕಸ್ತೂರಿ ನಿವಾಸ’ದ ದಾರಿಯೇ ಇದು. ಮೊದಲು ನೆನಪು ಮೂಡಿಸಿ, ಆಮೇಲೆ ಅದರ ಅರ್ಥವನ್ನು ತಿರುಗಿಸುವುದು. ಒಂದು ಪಕ್ಕಾ ಗಾಂಧಿನಗರದ ಚಿತ್ರ, ಇನ್ನೊಂದು ಸ್ವರ್ಣಕಮಲ ಪಡೆದ ಚಿತ್ರ. ಇವೆರಡನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡಿದ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ. ಕಲಾತ್ಮಕ, ಕಮರ್ಷಿಯಲ್ ಎಂದು ಎರಡು ಖಾನೆ ಮಾಡಿಕೊಂಡದ್ದರ ಫಲ ಇದು.

ಮನೆಯಲ್ಲಿ ಸಿನಿಮಾ ನೋಡುವವರ ಕೈಯಲ್ಲಿ ಈಗ ಹತ್ತು ಸೆಕೆಂಡು ಮುಂದಕ್ಕೆ ಹಾರಿಸುವ ಗುಂಡಿ ಇದೆ. ಹಾಡು ಬಂದರೆ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಟಿವಿಯಲ್ಲಿ ಹಳೆಯ ಚಿತ್ರ ಹಾಕುವಾಗಲೂ ಜಾಹೀರಾತಿಗೆ ಜಾಗ ಮಾಡಲು ಮೊದಲು ಕತ್ತರಿ ಬೀಳುವುದು ಹಾಡುಗಳಿಗೇ. ಬಹಳಷ್ಟು ಚಿತ್ರಗಳಿಗೆ ಇದರಿಂದ ಏನೂ ನಷ್ಟವಿಲ್ಲ, ಕೆಲವು ಚಿತ್ರಗಳಿಗೆ ಉಪಕಾರವೇ ಆಗಿದೆ. ‘ಕಸ್ತೂರಿ ನಿವಾಸ’ದ ಬೊಂಬೆ ಹಾಡನ್ನು ಹಾರಿಸಿ ನೋಡಿದ ಹುಡುಗನೊಬ್ಬ ಕೊನೆಯ ಹತ್ತು ನಿಮಿಷ ತುಂಬಾ ಎಳೆದಿದ್ದಾರೆ ಎಂದರೆ ಅವನನ್ನು ಬಯ್ಯುವಂತಿಲ್ಲ. ಅವನು ನೋಡಿದ ಚಿತ್ರದ ಮಟ್ಟಿಗೆ ಅವನು ಹೇಳಿದ್ದು ಸರಿಯೇ.